ಸ್ನೇಹವೂ ಸಹವಾಸವೂ

ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ವೈದ್ಯಗ್ರಂಥಗಳಲ್ಲಿ ತುಪ್ಪ ತೈಲಾದಿಗಳಿಗೆ ಸ್ನೇಹದ್ರವ್ಯಗಳೆಂದೇ ಹೆಸರು. ಈ ಎರಡು ಅರ್ಥಗಳನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ಹಿರಿಯರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು. ಹಣತೆಯಲ್ಲಿರುವ ಎಣ್ಣೆಯು ಮನೆಯನ್ನು ಬೆಳಗುವುದು. ಅದೇ ಎಣ್ಣೆಯು ಬಚ್ಚಲ ಕಲ್ಲಿನ ಮೇಲೆ ಚೆಲ್ಲಿದರೆ ಮನೆಯ ಯಜಮಾನನನ್ನೇ ಕೆಡವುವುದು. ಕನ್ನಡದಲ್ಲಿ ಇದಕ್ಕೆ ‘ಕೆಳೆ’ ಎಂಬ ಅಚ್ಚ ಮಾತಿದೆ. ಗೆಳೆಯ, ಗೆಳತಿ ಎಂಬುವು ಅದರಿಂದ ಬಂದುವು. ‘ಸಹವಾಸ’ವೆಂಬುದು ಬೇರೆ. ಒಟ್ಟಿಗೆ ಇರುವುದು ಎಂದಷ್ಟೇ ಅದರ ಅರ್ಥ. ಒಂದೇ ಬೀದಿ, ಒಂದೇ ಕಚೇರಿ, ಒಂದೇ ತರಗತಿ, ಇವು ಸಹವಾಸವನ್ನು ನಾವು ಕೇಳದೆಯೇ ಕೊಡುತ್ತವೆ, ಗೆಳೆತನವನ್ನು ಕೊಡಲಾರವು. ಸಂಸಾರಗಳಲ್ಲಿ ಕಾಣುವ ಎಷ್ಟೋ ಕಷ್ಟಗಳು ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದ ಹುಟ್ಟುವುವು.

ನಿಜವಾದ ಗೆಳೆಯನು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರ, ಕಷ್ಟಕಾಲದಲ್ಲಿ ಕೈಬಿಡದವನು ಎಂಬುದು. ಈ ಒರೆಗಲ್ಲು ಸುಳ್ಳಲ್ಲ; ಆದರೆ ಅದೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ. ಸಾಲದೆಂಬುದಕ್ಕೆ ಕರ್ಣನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ಕಾವ್ಯವನ್ನು ಕಟ್ಟಿದನಾದರೂ, ಅರ್ಜುನನ ಹಗೆಯಾದ ಕರ್ಣನ ಮೇಲಿನ ಮೆಚ್ಚುಗೆಯನ್ನು ಮುಚ್ಚಿಡಲಾರದೆ ಹೋದನು. ನೀನು ಕುಂತಿಯ ಮಗ, ರಾಜ್ಯಕ್ಕೆ ನೀನೇ ಒಡೆಯನೆಂದು ಕೃಷ್ಣನು ಹೇಳಿದಾಗ ಆ ಕರ್ಣನು ನೆನೆಯುವುದು ಒಂದು ನೆತ್ತದಾಟವನ್ನು. ಭಾನುಮತಿಯು ಆಟದಲ್ಲಿ ಸೋತಳು. ಪಣಕ್ಕಾಗಿ ಕಾಡುವಾಗ ಹಾರವು ಹರಿದು ಮುತ್ತುಗಳು ಚೆಲ್ಲಿದುವು. ಬಂದ ದುರ್ಯೋಧನನು ನೋಡಿಯೂ ನೋಡದವನಂತೆ, ಮುತ್ತುಗಳನ್ನು ಆರಿಸಿಕೊಡಲೇ ಎಂದು ಕೇಳಿದನು. ಅಂಥವನನ್ನು ಬಿಟ್ಟು ಬರುವುದೆಂತು ಎಂಬುದು ಕರ್ಣನ ಪ್ರಶ್ನೆ. ಆ ಪದ್ಯದ ಅನ್ವಯದಲ್ಲಿ ಪಂಡಿತರ ನಡುವೆ ವಾದವುಂಟು. ಓದುಗರ ಮನಸ್ಸಿನಲ್ಲಿ ಮಾತ್ರ ಅದು ಸ್ನೇಹದ ಪದ್ಯವಾಗಿಯೇ ನಿಂತಿದೆ.

ಕರ್ಣನ ನಿಷ್ಠೆಯನ್ನು ಹಗುರಮಾಡುವುದು ನಮ್ಮ ಉದ್ದೇಶವಲ್ಲ. ಕನ್ನಡಿಗರಿಗೆ ಅದು ಸಾಧ್ಯವೂ ಅಲ್ಲ. ಆದರೆ ವ್ಯಾಸಭಾರತದ ಜೂಜಿನ ಸಭೆಯನ್ನೊಮ್ಮೆ ನೆನೆಯಿರಿ. ದ್ರೌಪದಿಯ ಪಕ್ಷದಲ್ಲಿ ಎದ್ದುನಿಂತು ಮಾತನಾಡಿದವನು ದುರ್ಯೋಧನನ ತಮ್ಮನಾದ ವಿಕರ್ಣ. ಅವನ ಬಾಯಿ ಮುಚ್ಚಿಸಿದವನು ಪರಮಮಿತ್ರನಾದ ಕರ್ಣ! ಅಂದು ಕರ್ಣನು ಒಲ್ಲೆನೆಂದಿದ್ದರೆ ಕುರುಕುಲವು ಉಳಿಯುತ್ತಿತ್ತೋ ಏನೋ, ಹೇಳಬಲ್ಲವರಾರು? ಮುಂದೆ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದಲ್ಲಿ ಕರ್ಣನ ಹೆಣದ ಮುಂದೆ ನಿಂತು ಗೋಳಿಡುವಾಗ, ಈತನು ಯಾರ ಮಗನೆಂಬುದು ತನಗೆ ತಿಳಿದೇ ಇತ್ತೆಂದು ಬಾಯಿಬಿಡುವನು. ಒಬ್ಬರಿಗೊಬ್ಬರು ಪ್ರಾಣವನ್ನು ಕೊಡಬಲ್ಲವರಾಗಿದ್ದ ಇಬ್ಬರು, ಕೊಡಬೇಕಾಗಿದ್ದ ಒಂದೊಂದು ಮಾತನ್ನು ಕೊಡದೆ ಹೋದರು.

ಅರಸುಗಳ ಸಂಗತಿಯನ್ನು ಬಿಟ್ಟು ನಮ್ಮ ನಿಮ್ಮ ಮನೆಗಳಂತಹ ಒಂದು ಮನೆಗೆ ಬರೋಣ. ಕಾಠೇವಾಡದ ರಾಜಕೋಟೆ, 1880ರ ದಶಕ. ತಾಯಿ ವ್ರತನಿಯಮಗಳಲ್ಲಿ ನಿಷ್ಠಳು. ಮನೆಯೆಲ್ಲ ವೈಷ್ಣವ ಸಂಪ್ರದಾಯದ್ದು. ಕಿರಿಯ ಮಗನಾದ ಮೋಹನದಾಸನಿಗೆ ಹದಿಮೂರನೆಯ ವಯಸ್ಸಿಗೇ ಮದುವೆಯಾಗಿದೆ, ಹೈಸ್ಕೂಲಿಗೆ ಹೋಗುತ್ತಿರುವನು. ಹುಡುಗನಿಗೆ ಕತ್ತಲೆಯೆಂದರೆ ಭಯ, ಕಳ್ಳರು, ದೆವ್ವ, ಹಾವು ಎಲ್ಲವೂ ಭಯ, ದೀಪವಿಲ್ಲದೆ ನಿದ್ರೆಯಿಲ್ಲ. ಇಂತಹವನಿಗೆ ಅಣ್ಣನ ಸಹಪಾಠಿಯಾಗಿದ್ದ ಒಬ್ಬನು ಗೆಳೆಯನಾದನು. ಆ ಗೆಳೆಯನು ದೂರದೂರ ಓಡಬಲ್ಲವನು, ಎತ್ತರಕ್ಕೆ ನೆಗೆಯಬಲ್ಲವನು. ಜೀವಂತ ಹಾವನ್ನು ಕೈಯಲ್ಲಿ ಹಿಡಿಯುವೆನೆಂದು ಹೇಳುವವನು. ತನ್ನಲ್ಲಿಲ್ಲದ ಗುಣವನ್ನು ಇನ್ನೊಬ್ಬನಲ್ಲಿ ಕಂಡಾಗ ಎಳೆಯ ಮನಸ್ಸು ಬೆರಗಾಗುವುದು ಸಹಜ. ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಈ ಗೆಳೆತನಕ್ಕಾಗಿ ಎರಡು ಅಧ್ಯಾಯಗಳನ್ನು ಮೀಸಲಿಟ್ಟು, ಅವಕ್ಕೆ ದುಃಖದ ಪ್ರಸಂಗವೆಂಬರ್ಥದ ಹೆಸರನ್ನು ಕೊಟ್ಟಿರುವರು. 1925ರಿಂದ 1929ರ ವರೆಗೆ ‘ನವಜೀವನ’ ಪತ್ರಿಕೆಯಲ್ಲಿ ಪ್ರಕಟವಾದ ಆ ಬರೆಹದಲ್ಲಿ ಗೆಳೆಯನ ಹೆಸರನ್ನು ಅವರು ಹೇಳಲಿಲ್ಲ; ಜೀವನಚರಿತ್ರಕಾರರು ಹೇಳಿರುವರಾದರೂ ನಮಗೆ ಇಲ್ಲಿ ಅದರ ಅವಶ್ಯಕತೆಯಿಲ್ಲ.

ತಾಯಿಯು ಎಚ್ಚರಿಸಿದಳು, ಅಣ್ಣನು ಎಚ್ಚರಿಸಿದನು, ಹೆಂಡತಿಯಾದ ಕಸ್ತೂರಬಾ ಎಚ್ಚರಿಸಿದಳು. ಹೆಂಡತಿಯ ಮಾತನ್ನು ಕೇಳುವುದಕ್ಕೆ ಗಂಡನೆಂಬ ಗರ್ವವು ಬಿಡಲಿಲ್ಲ. ತಾಯಿಗೂ ಅಣ್ಣನಿಗೂ ಎದುರಾಡುವ ಧೈರ್ಯವಿಲ್ಲದುದರಿಂದ ಅವರಿಗೊಂದು ಸಮಾಧಾನ ಸಿದ್ಧವಾಯಿತು: ಅವನಲ್ಲಿ ದೋಷಗಳಿರುವುದು ನಿಜ, ಆದರೆ ಅವನ ಗುಣಗಳನ್ನು ನೀವರಿಯಿರಿ, ಅವನನ್ನು ತಿದ್ದುವುದಕ್ಕಾಗಿಯೇ ನಾನು ಸ್ನೇಹ ಮಾಡಿರುವೆನು. ಮನೆಯವರು ಪೂರ್ತಿ ಒಪ್ಪದಿದ್ದರೂ ಸುಮ್ಮನಾದರು. ಈ ಸಮಾಧಾನವನ್ನು ಕೇಳದ ಮನೆ ಯಾವುದು? ತಿದ್ದುವೆನೆಂದು ಹೋದವನೇ ತಿದ್ದಿಸಿಕೊಂಡು ಬರುವುದು ಲೋಕದ ರೂಢಿ. ಸುಧಾರಿಸಲು ಹೊರಟವನು, ಯಾರನ್ನು ಸುಧಾರಿಸಬೇಕೋ ಅವನೊಡನೆ ಅತಿ ಸಲಿಗೆಯನ್ನು ಬೆಳಸಲಾಗದೆಂದು ಗಾಂಧಿಯವರೇ ಪ್ರಾಯ ಬಲಿತ ಮೇಲೆ ಬರೆದರು.

ಮುಂದಿನದನ್ನು ಬಹುಮಂದಿ ಬಲ್ಲರು. ಇಂಗ್ಲಿಷರು ಬಲಶಾಲಿಗಳಾದುದು ಮಾಂಸಾಹಾರದಿಂದ, ನಾವೂ ತಿಂದರೆ ಅವರನ್ನು ಗೆಲ್ಲಬಹುದೆಂಬ ಉಪದೇಶ. ಹೊಳೆಯ ದಡದ ಏಕಾಂತದಲ್ಲಿ ಮೊದಲನೆಯ ಊಟ. ಆ ರಾತ್ರಿಯೆಲ್ಲ ಹೊಟ್ಟೆಯೊಳಗೆ ಆಡು ಕೂಗಿದಂತಹ ಕನಸು. ಸುಮಾರು ಒಂದು ವರ್ಷದಲ್ಲಿ ಐದಾರು ಸಲ ಇಂತಹ ಊಟ ನಡೆಯಿತು. ಮಾಂಸವನ್ನು ತಿನ್ನುವುದು ಸರಿಯೋ ತಪ್ಪೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಎಷ್ಟೋ ಸಜ್ಜನರ ಮನೆಗಳಲ್ಲಿ ಅದು ನಿತ್ಯದ ಆಹಾರ. ನಮ್ಮ ಗಮನ ಹೋಗಬೇಕಾದುದು ಅಂದಂದಿನ ಸಂಜೆ ಮನೆಯಲ್ಲಿ ನಡೆಯುತ್ತಿದ್ದ ಸಂಗತಿಯ ಕಡೆಗೆ. ತಾಯಿಯು ಊಟಕ್ಕೆ ಕರೆಯುವಳು. ಮಗನು, ಇಂದು ಹಸಿವಿಲ್ಲ, ಉಂಡದ್ದು ಅರಗಿಲ್ಲ ಎನ್ನುವನು. ತಾಯಿಯು ನಂಬುವಳು. ಆ ಮಗನಿಗೆ ಸಹಿಸಲಾಗದೆ ಹೋದದ್ದು ಮಾಂಸವಲ್ಲ, ಈ ಸುಳ್ಳು. ತಂದೆತಾಯಿಗಳಿರುವ ತನಕ ಇದು ಬೇಡವೆಂದು ನಿಶ್ಚಯಿಸಿ, ಹಾಗೆಂದು ಗೆಳೆಯನಿಗೆ ತಿಳಿಸಿ, ನಿಲ್ಲಿಸಿಬಿಟ್ಟನು. ಅಲ್ಲಿಗೆ ಊಟವು ನಿಂತಿತು, ಗೆಳೆತನವು ನಿಲ್ಲಲಿಲ್ಲ.

ನಿಲ್ಲದ್ದರಿಂದ ಆದ ಹಾನಿಯು ಮೊದಲಿನದಕ್ಕಿಂತ ದೊಡ್ಡದು. ಮೋಹನದಾಸನು ಮೊದಲೇ ಹೆಂಡತಿಯ ವಿಷಯದಲ್ಲಿ ಶಂಕೆಯ ಮನಸ್ಸಿನವನು. ಗೆಳೆಯನು ಆ ಶಂಕೆಗೆ ಗಾಳಿ ಹಾಕಿದನು. ನಂಬಿದ ಗೆಳೆಯನ ಮಾತೆಂದು ಗಂಡನು ನಂಬಿದನು; ಏನೂ ಅರಿಯದ ಎಳೆಯ ಹೆಂಡತಿಯನ್ನು ನೋಯಿಸಿದನು. ಆ ಹಿಂಸೆಗಾಗಿ ತಾನು ತನ್ನನ್ನು ಎಂದೂ ಕ್ಷಮಿಸಿಕೊಂಡಿಲ್ಲವೆಂದು ಗಾಂಧಿಯವರು ಬರೆದಿರುವರು. ಓದುಗರು ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಈ ಗೆಳೆಯನ ವಿಷಯದಲ್ಲಿ ಎಚ್ಚರಿಕೆ ಹೇಳಿದವಳು ಯಾರು? ಅದೇ ಹೆಂಡತಿ. ದೋಷವನ್ನು ಕಂಡವಳ ಮೇಲೆಯೇ ದೋಷ ಬಂದಿತು. ಕೆಟ್ಟ ಸಹವಾಸವು ಮೊದಲು ಮಾಡುವ ಕೆಲಸವೇ ಇದು: ಮನೆಯಲ್ಲಿ ಯಾರ ಕಣ್ಣು ತೀಕ್ಷ್ಣವೋ ಅವರ ಮಾತಿಗೆ ಬೆಲೆಯಿಲ್ಲದಂತೆ ಮಾಡುವುದು.

ಪಂಚತಂತ್ರದಲ್ಲಿ ಮಿತ್ರಲಾಭದ ಕಥೆಗಳಿಗಿಂತ ಮೊದಲೇ ಮಿತ್ರಭೇದದ ಕಥೆಗಳು ಬರುವುದು ಏಕೆಂದು ಕೇಳುವವರುಂಟು. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಬೆಳೆದ ಸ್ನೇಹವನ್ನು ದಮನಕನೆಂಬ ನರಿಯು ಕೆಡಿಸಿದ್ದು ಹಲ್ಲಿನಿಂದಲ್ಲ, ಉಗುರಿನಿಂದಲ್ಲ; ಏಕಾಂತದಲ್ಲಿ ಕಿವಿಯ ಹತ್ತಿರ ಆಡಿದ ನಾಲ್ಕು ಮಾತಿನಿಂದ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಈ ಕಥೆಗಳನ್ನು ಕನ್ನಡಕ್ಕೆ ತಂದಂದಿನಿಂದ ನಮ್ಮ ಮಕ್ಕಳು ಕೇಳುತ್ತ ಬಂದಿರುವರು. ಕೇಳಿದವರು ದೊಡ್ಡವರಾದ ಮೇಲೆ ಸಿಂಹದ ಹಾಗೆಯೇ ನಡೆದುಕೊಳ್ಳುವುದು ಬೇರೆ ಮಾತು.

ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ, 1890ರ ದಶಕದಲ್ಲಿ, ಬ್ಯಾರಿಸ್ಟರ್ ಗಾಂಧಿಯವರು ಮನೆ ಮಾಡಿದಾಗ ಒಬ್ಬ ಗೆಳೆಯನು ಅವರೊಡನೆ ವಾಸವಾಗಿದ್ದನು. ರಾಜಕೋಟೆಯವನೇ ಇವನೆಂದು ಜೀವನಚರಿತ್ರಕಾರರು ಗುರುತಿಸಿರುವರು. ಅವನ ಮಾತನ್ನು ನಂಬಿ ಗಾಂಧಿಯವರು ಒಬ್ಬ ಪ್ರಾಮಾಣಿಕ ಗುಮಾಸ್ತನನ್ನು ಶಂಕಿಸಿದರು. ಆ ಗುಮಾಸ್ತನು ಮನೆಯನ್ನೂ ಕಚೇರಿಯನ್ನೂ ಬಿಟ್ಟುಹೋದನು. ಕೊನೆಗೆ ನಿಜವನ್ನು ತೋರಿಸಿದವನು ಹೊಸದಾಗಿ ಬಂದಿದ್ದ ಒಬ್ಬ ಅಡುಗೆಯವನು. ಹಗಲು ಹೊತ್ತಿನಲ್ಲಿ ಕಚೇರಿಗೆ ಬಂದು, ಈಗಲೇ ಮನೆಗೆ ಬರಬೇಕೆಂದು ಹಟಹಿಡಿದು ಕರೆದುಕೊಂಡು ಹೋಗಿ, ಗೆಳೆಯನ ಕೋಣೆಯ ಬಾಗಿಲನ್ನು ತಟ್ಟಿಸಿದನು. ಒಳಗೆ ಒಬ್ಬ ವೇಶ್ಯೆಯಿದ್ದಳು. ಗಾಂಧಿಯವರು ಅಂದೇ ಆ ಗೆಳೆಯನನ್ನು ಹೊರಗೆ ಹಾಕಿದರು. ಅಡುಗೆಯವನು ಬಹುಮಾನವನ್ನು ಕೇಳಿದನೆ? ಇಲ್ಲ. ನೀವು ಬಹು ಸುಲಭವಾಗಿ ಮೋಸಹೋಗುವವರು, ಈ ಮನೆಯಲ್ಲಿ ನಾನಿರಲಾರೆನೆಂದು ಹೇಳಿ ಅವನೂ ಹೊರಟುಹೋದನು! ಆತ್ಮಕಥೆಯಲ್ಲಿ ಬರುವ ದೊಡ್ಡ ದೊಡ್ಡವರ ನಡುವೆ ಹೆಸರಿಲ್ಲದ ಈ ಅಡುಗೆಯವನು ನಮಗೆ ಮರೆಯದ ವ್ಯಕ್ತಿ. ಅವನನ್ನು ಗೆಳೆಯನೆಂದು ಯಾರೂ ಕರೆಯಲಿಲ್ಲ. ಗೆಳೆಯನ ಕೆಲಸವನ್ನು ಮಾತ್ರ ಅವನು ಮಾಡಿದನು.

ಈಗ ನಮ್ಮ ಮನೆಗಳ ಮಾತು. ಮಕ್ಕಳ ಸಹವಾಸವು ಕೆಟ್ಟದ್ದೆಂದು ತೋರಿದಾಗ ಹಿರಿಯರು ಸಾಮಾನ್ಯವಾಗಿ ಮಾಡುವುದೇನು? ಆ ಹುಡುಗನು ಕೆಟ್ಟವನು, ಅವನೊಡನೆ ಸೇರಕೂಡದೆಂದು ಗದರಿಸುವರು. ಪುತಲೀಬಾಯಿಯೂ ಅವಳ ಹಿರಿಯ ಮಗನೂ ಮಾಡಿದ್ದು ಸುಮಾರಾಗಿ ಇದನ್ನೇ. ಗೆಳೆಯನ ಗುಣವನ್ನು ಕುರಿತು ವಾದ ಹೂಡಿದೊಡನೆ ಎಳೆಯರು ಗೆಳೆಯನ ವಕೀಲರಾಗಿಬಿಡುವರು. ಅದು ಅವರ ವಯಸ್ಸಿನ ಧರ್ಮ, ಒಂದು ಬಗೆಯಲ್ಲಿ ಮೆಚ್ಚತಕ್ಕ ಧರ್ಮವೂ ಹೌದು. ಗೆಳೆಯನ ವಿಷಯವನ್ನು ಬಿಟ್ಟು ಮಗನ ವಿಷಯವನ್ನೇ ಕೇಳುವುದು ಹೆಚ್ಚು ಉಪಯೋಗಕರವೆಂದು ನಮಗೆ ತೋರುವುದು. ಇವನ ಸ್ನೇಹವಾದಂದಿನಿಂದ ನೀನು ಮನೆಯಲ್ಲಿ ಹೇಳದೆ ಬಿಟ್ಟ ಮಾತುಗಳು ಎಷ್ಟಾದುವಪ್ಪ? ಹುಡುಗನು ಉತ್ತರವನ್ನು ಹೇಳದಿದ್ದರೂ ಚಿಂತೆಯಿಲ್ಲ; ಲೆಕ್ಕವನ್ನು ತಾನೇ ಹಾಕಿಕೊಂಡರೆ ಸಾಕು. ಉಂಡು ಬಂದು ಉಪವಾಸವೆಂದು ಹೇಳಬೇಕಾದ ಸ್ನೇಹ ಎಂಥದೆಂದು ಅವನಿಗೆ ಅರ್ಥವಾಗುವುದು. ಅದಕ್ಕೆ ಮುಂಚೆ ಒಂದು ಷರತ್ತುಂಟು. ನಿಜವನ್ನು ಹೇಳಿದರೆ ಮನೆಯಲ್ಲಿ ಹೊಡೆತವೊಂದೇ ಸಿಗುವುದೆಂದು ತಿಳಿದ ಮಗುವು ನಿಜವನ್ನು ಹೇಳಲು ಹೊರಗಡೆ ಯಾರನ್ನಾದರೂ ಹುಡುಕಿಯೇ ಹುಡುಕುವುದು. ಆಗ ಸಿಕ್ಕವನು ಸಜ್ಜನನಾಗಿದ್ದರೆ ಅದು ತಂದೆತಾಯಿಗಳ ಪುಣ್ಯ.

ದೊಡ್ಡವರ ಸಹವಾಸದ ವಿಷಯದಲ್ಲಿ ಗದರಿಸುವವರೇ ಇಲ್ಲ. ಸಂಬಳದ ದಿನವೇ ಬಾಗಿಲಿಗೆ ಬರುವ ಮಿತ್ರರು, ಇಸ್ಪೀಟಿನ ಮಿತ್ರರು, ಒಂದು ರುಜು ಹಾಕಿಕೊಡು ಸಾಕೆನ್ನುವ ಮಿತ್ರರು, ಇವರನ್ನೆಲ್ಲ ಕಾಣದ ಗೃಹಸ್ಥನಿಲ್ಲ. ದಾಕ್ಷಿಣ್ಯಕ್ಕೆ ಜಾಮೀನು ನಿಂತು ಹೆಂಡತಿಯ ಒಡವೆಯನ್ನು ಅಡವಿಟ್ಟವರ ಕಥೆ ಪ್ರತಿಯೊಂದು ಊರಿನಲ್ಲಿಯೂ ಉಂಟು. ಇಲ್ಲಿ ಸುಲಭವಾದ ಒಂದು ಪರೀಕ್ಷೆಯನ್ನು ಮಾಡಬಹುದು. ಮನೆಯಲ್ಲಿ ಕೇಳಿ ನಾಳೆ ಹೇಳುವೆನೆಂದು ಉತ್ತರವನ್ನು ಕೊಡಿ. ಆಗಲಿ, ಕೇಳಿಯೇ ಹೇಳು ಎನ್ನುವವನು ಒಂದು ಜಾತಿ. ಹೆಂಡತಿಯ ಅಪ್ಪಣೆ ಬೇಕೇನಯ್ಯ ಎಂದು ನಾಲ್ವರ ಮುಂದೆ ನಗುವವನು ಇನ್ನೊಂದು ಜಾತಿ. ಎರಡನೆಯವನಿಗೆ ನಿಮ್ಮ ರುಜು ಬೇಕಾಗಿದೆ, ನೀವು ಬೇಕಾಗಿಲ್ಲ.

ಗೃಹಿಣಿಯರ ಪಾಡು ಬೇರೆಯೇ. ಗಂಡಸರಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಉಂಟು. ಆರಿಸುವುದರಲ್ಲಿ ತಪ್ಪುವರು, ಅಷ್ಟೆ. ಮದುವೆಯಾಗಿ ಬೇರೆ ಊರಿಗೆ ಬಂದ ಹೆಂಗಸಿಗೆ ಬಾಲ್ಯದ ಗೆಳತಿಯರು ತೌರಿನೊಡನೆಯೇ ದೂರವಾಗುವರು. ಆಮೇಲೆ ಅವಳಿಗೆ ದೊರಕುವುದು ನೆರೆಹೊರೆಯ ಸಹವಾಸ. ಒಳ್ಳೆಯದಾದರೆ ಅದೃಷ್ಟ, ಇಲ್ಲವಾದರೆ ಅದನ್ನೂ ಸಹಿಸಬೇಕು. ಗಂಡನ ಮಿತ್ರರಿಗೆ ಕಾಫಿ ಮಾಡಿಕೊಟ್ಟು ಉಪಚರಿಸುವುದು ಧರ್ಮವೆನ್ನುವ ಮನೆಗಳಲ್ಲಿ, ಅವಳ ಗೆಳತಿಯೊಬ್ಬಳು ಬಂದು ಎರಡು ಗಳಿಗೆ ಕುಳಿತರೆ ಹೊತ್ತು ಕಳೆಯುವ ಹರಟೆಯೆಂದು ಮುಖ ಮುರಿಯುವುದನ್ನು ನೋಡಿದ್ದೇವೆ. ಇದು ಅನ್ಯಾಯ. ಮನಸ್ಸಿನ ಮಾತನ್ನು ಹೇಳಿಕೊಳ್ಳಲು ಒಬ್ಬ ಗೆಳತಿಯೂ ಇಲ್ಲದ ಹೆಂಗಸು, ಚಾಡಿಯನ್ನು ಹೊತ್ತು ತರುವವಳನ್ನೇ ಗೆಳತಿಯೆಂದು ಬಗೆದರೆ ತಪ್ಪು ಯಾರದು?

ಬೇಡವೆನ್ನುವುದು ಗೆಳೆಯನ ಲಕ್ಷಣವೆಂದೊಡನೆ, ಸದಾ ಆಕ್ಷೇಪಿಸುವವರೆಲ್ಲ ಪರಮಮಿತ್ರರೆಂದು ತಿಳಿಯಬಾರದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ಮೀಸೆ ತಿರುವುವವರಲ್ಲಿ ಅರ್ಧದಷ್ಟು ಮಂದಿ, ಇಲ್ಲದ್ದನ್ನೂ ಸೇರಿಸಿ ಹೇಳುವವರು. ನಿಷ್ಠುರದ ಮಾತು ಆಡಿದ ಮೇಲೆ ಆಡಿದವನು ಏನು ಮಾಡಿದನೆಂಬುದನ್ನು ನೋಡಬೇಕು. ಇದಕ್ಕೂ ಗಾಂಧಿಯವರ ಬಾಳಿನಲ್ಲಿಯೇ ನಿದರ್ಶನವಿದೆ. ಹುಡುಗತನದಲ್ಲಿ ಗೆಳೆಯನನ್ನು ಆರಿಸಲು ಅರಿಯದವರು, ನಡುವಯಸ್ಸು ಕಳೆದ ಮೇಲೆ ಎಂತಹ ಗೆಳೆಯರನ್ನು ಪಡೆದರೆಂಬುದು ನೋಡತಕ್ಕುದು.

ಗಾಂಧಿಯವರೂ ರವೀಂದ್ರನಾಥ ಠಾಕೂರರೂ ಮೊದಲು ಸಂಧಿಸಿದ್ದು 1915ರಲ್ಲಿ, ಶಾಂತಿನಿಕೇತನದಲ್ಲಿ. ಒಬ್ಬರು ‘ಗುರುದೇವ’ರೆಂದು ಕರೆದರೆ ಇನ್ನೊಬ್ಬರು ‘ಮಹಾತ್ಮಾಜಿ’ ಎಂದು ಕರೆಯುವರು. ಆದರೆ 1921ರಲ್ಲಿ, ದೇಶವೆಲ್ಲ ಅಸಹಕಾರದ ಆವೇಶದಲ್ಲಿದ್ದಾಗ, ರಾಟೆಯ ಮೇಲಿನ ಕುರುಡು ಭಕ್ತಿಯನ್ನೂ ವಿದೇಶೀ ಬಟ್ಟೆಗಳ ದಹನವನ್ನೂ ಠಾಕೂರರು ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು. ಗಾಂಧಿಯವರು ‘ಯಂಗ್ ಇಂಡಿಯಾ’ದಲ್ಲಿ ಅವರನ್ನು ಮಹಾ ಕಾವಲುಗಾರನೆಂದು ಹೊಗಳಿ, ಕವಿಯೂ ಎಲ್ಲರಂತೆ ನೂಲಬೇಕೆಂದು ಉತ್ತರ ಕೊಟ್ಟರು. ಇಬ್ಬರೂ ಒಂದಿಂಚು ಸರಿಯಲಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭಯಂಕರ ಭೂಕಂಪವಾದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆಯೆಂದು ಗಾಂಧಿಯವರು ಹೇಳಿಬಿಟ್ಟರು. ಪ್ರಕೃತಿಯ ಉತ್ಪಾತಕ್ಕೆ ಪ್ರಕೃತಿಯ ಕಾರಣವೇ ಹೊರತು ಜನರ ಪಾಪಪುಣ್ಯಗಳಲ್ಲವೆಂದು ಠಾಕೂರರು ಬರೆದರು. ಆ ಖಂಡನೆಯು ಅಚ್ಚಾದದ್ದು ಗಾಂಧಿಯವರ ‘ಹರಿಜನ’ ಪತ್ರಿಕೆಯಲ್ಲಿಯೇ. ಪಕ್ಕದಲ್ಲಿ ಗಾಂಧಿಯವರ ಉತ್ತರ. ಈ ವಾದದಲ್ಲಿ ಠಾಕೂರರ ಪಕ್ಷವೇ ಸರಿಯೆಂದು ನಮ್ಮ ಮತ. ಆದರೂ ತನ್ನನ್ನು ಖಂಡಿಸಿದ ಮಾತಿಗೆ ತನ್ನ ಮನೆಯಲ್ಲಿಯೇ ಮಣೆ ಹಾಕಿದ ಗಾಂಧಿಯವರಿಗೂ ಇದರಲ್ಲಿ ಮರ್ಯಾದೆ ಸಲ್ಲಬೇಕು.

ಇದಕ್ಕೆ ಎರಡು ವರ್ಷಗಳ ಹಿಂದಿನ ಒಂದು ಕಾಗದವನ್ನು ಇಲ್ಲಿ ನೆನೆಯಬೇಕು. 1932ರ ಸೆಪ್ಟೆಂಬರ್ 20ರಂದು ಗಾಂಧಿಯವರು ಯರವಡಾ ಸೆರೆಮನೆಯಲ್ಲಿ, ಪ್ರತ್ಯೇಕ ಚುನಾವಣಾ ಕ್ಷೇತ್ರಗಳ ವಿಷಯದಲ್ಲಿ, ಆಮರಣ ಉಪವಾಸವನ್ನು ತೊಡಗುವವರಿದ್ದರು. ಅಂದು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಅವರು ಠಾಕೂರರಿಗೆ ಕಾಗದ ಬರೆದರು. ಮನಸ್ಸೊಪ್ಪಿದರೆ ಹರಸಬೇಕು, ಒಪ್ಪದಿದ್ದರೆ ಆಕ್ಷೇಪವನ್ನೇ ಹೇಳಬೇಕು. ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತ ಬಂದುದರಿಂದಲೇ ನೀವು ನನಗೆ ನಿಜವಾದ ಗೆಳೆಯರು ಎಂಬುದು ಅದರ ತಾತ್ಪರ್ಯ. ಸಾಯಲು ಸಿದ್ಧನಾದವನು ಬರೆದ ಮಾತಿದು. ಕಾಗದವನ್ನು ಸೆರೆಮನೆಯ ಅಧಿಕಾರಿಯ ಕೈಗೆ ಕೊಡುವಷ್ಟರಲ್ಲಿ ಠಾಕೂರರ ತಂತಿಯೇ ಬಂದಿತು, ಹರಕೆಯನ್ನು ಹೊತ್ತು. 26ರಂದು ಉಪವಾಸವು ಮುಗಿಯುವಾಗ ಎಪ್ಪತ್ತು ದಾಟಿದ ಆ ಕವಿಯು ಸೆರೆಮನೆಗೆ ಬಂದು ಹಾಸಿಗೆಯ ಬಳಿಯಲ್ಲಿ ತಮ್ಮದೊಂದು ಹಾಡನ್ನು ಹಾಡಿದರು.

1936ರಲ್ಲಿ ಠಾಕೂರರು ವಿಶ್ವಭಾರತಿಗೆ ಹಣ ಕೂಡಿಸುವುದಕ್ಕಾಗಿ ನೃತ್ಯನಾಟಕದ ಮೇಳವನ್ನು ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಈ ವಯಸ್ಸಿನಲ್ಲಿ ಅವರಿಗೆ ಇಂತಹ ಅಲೆದಾಟ ಕೂಡದೆಂದು ಗಾಂಧಿಯವರು 60,000 ರೂಪಾಯಿಗಳನ್ನು ಒದಗಿಸಿಕೊಟ್ಟರು. ಭೂಕಂಪದ ವಾದವು ನಡೆದು ಆಗ ಎರಡೇ ವರ್ಷಗಳು ಕಳೆದಿದ್ದುವು. 1940ರ ಫೆಬ್ರವರಿಯಲ್ಲಿ ಗಾಂಧಿಯವರು ಕಸ್ತೂರಬಾ ಅವರೊಡನೆ ಶಾಂತಿನಿಕೇತನಕ್ಕೆ ಹೋದರು. ಅದೇ ಅವರಿಬ್ಬರ ಕೊನೆಯ ಭೇಟಿ. ಹೊರಡುವ ಹೊತ್ತಿಗೆ ಠಾಕೂರರು ಒಂದು ಕಾಗದವನ್ನು ಕೈಯಲ್ಲಿಟ್ಟರು. ತಮ್ಮ ಬಾಳಿನ ಗಳಿಕೆಯೆಲ್ಲವನ್ನೂ ತುಂಬಿದ ಹಡಗಿನಂತಿರುವ ವಿಶ್ವಭಾರತಿಯನ್ನು ತಮ್ಮ ತರುವಾಯ ಕಾಪಾಡಬೇಕೆಂದು ಅದರಲ್ಲಿ ಕೇಳಿದ್ದರು. ಜೀವಮಾನದ ಸೊತ್ತನ್ನು ಅವರು ಒಪ್ಪಿಸಿದ್ದು, ತಮ್ಮ ಮಾತಿಗೆ ತಲೆದೂಗುತ್ತಿದ್ದ ಭಕ್ತರಿಗಲ್ಲ. ಇಪ್ಪತ್ತು ವರ್ಷ ತಮ್ಮೊಡನೆ ವಾದಿಸಿದವರಿಗೆ. ಗಾಂಧಿಯವರು ಆ ಕಾಗದವನ್ನು ಮೌಲಾನಾ ಆಜಾದರಿಗೆ ತೋರಿಸಿದರು. ಠಾಕೂರರು 1941ರಲ್ಲಿಯೂ ಗಾಂಧಿಯವರು 1948ರಲ್ಲಿಯೂ ತೀರಿಕೊಂಡರು. 1951ರಲ್ಲಿ ವಿಶ್ವಭಾರತಿಯು ಕೇಂದ್ರ ವಿಶ್ವವಿದ್ಯಾನಿಲಯವಾದಾಗ ಭಾರತದ ವಿದ್ಯಾಮಂತ್ರಿಗಳಾಗಿದ್ದವರು ಅದೇ ಆಜಾದರು.